ಸೂಲಗಿತ್ತಿಗೊಂದು ದೋಣಿ

ನಮ್ಮ ಹಿತ್ತಲಲ್ಲಿ ದೋಣಿಯ ಕೆಲಸ ಶುರುವಾದದ್ದು ವೈಶಾಖದ ಬಿಸಿಲಿನಲ್ಲಿ. ಕಲಬುರಗಿಯ ಬಾವಿಗಳಲ್ಲಿ ಆ ದಿನಗಳಲ್ಲಿ ಕೊಡ ಇಳಿಬಿಟ್ಟರೆ ನೀರಿಗಿಂತ ಮೊದಲು ಕಲ್ಲು ತಾಗುತ್ತಿತ್ತು. ಮುಖ ತೊಳೆಯಲು ಒಂದು ತಂಬಿಗೆಯೇ ಸಾಕೆಂದು ಹೆಂಗಸರು ಗಂಡಸರಿಗೆ ತಾಕೀತು ಮಾಡುತ್ತಿದ್ದ ಕಾಲದಲ್ಲಿ ಮನೆಯ ಯಜಮಾನನೊಬ್ಬ ಬಡಿಗನನ್ನು ಕರೆಸಿ ದೋಣಿ ಮಾಡಿಸತೊಡಗಿದರೆ ಓಣಿ ಏನೆಂದುಕೊಂಡೀತು ಎಂಬುದನ್ನು ನಾನು ಮೊದಲೇ ಊಹಿಸಿದ್ದೆ. ಅವರು ಅಂದುಕೊಂಡದ್ದು ಅದಕ್ಕಿಂತ ಹೆಚ್ಚೇ ಆಯಿತು. ಎದುರು ಮನೆಯ ಮುದುಕಿ ನನ್ನ ಹೆಂಡತಿಯನ್ನು ಕರೆದು, ತಲೆಗೆ ತಂಪೆಣ್ಣೆ ಹಚ್ಚಿ ನೋಡು ಎಂದು ಗುಟ್ಟಾಗಿ ಹೇಳಿ, ಒಂದು ಬಟ್ಟಲು ಔಡಲೆಣ್ಣೆಯನ್ನೂ ಕೊಟ್ಟು ಕಳಿಸಿದಳು.

ನಾನು ಆಗ ಸರ್ಕಾರದ ಕಚೇರಿಯಲ್ಲಿ ಮುನಶಿ. ನಿಜಾಮರ ರಾಜ್ಯದಲ್ಲಿ ಬೆಳಗಿನಿಂದ ಸಂಜೆಯವರೆಗೆ ಉರ್ದುವಿನಲ್ಲಿ ಬರೆದು, ಮನೆಗೆ ಬಂದು ಕನ್ನಡದಲ್ಲಿ ಬೈಸಿಕೊಳ್ಳುವ ಸಾವಿರಾರು ಜನರಲ್ಲಿ ನಾನೂ ಒಬ್ಬ. ಇಂಥವನಿಗೆ ದೋಣಿಯ ಹುಚ್ಚು ಹಿಡಿಯಲು ಕಾರಣ ನನ್ನ ಒಬ್ಬಳೇ ಮಗಳು.

ಅವಳನ್ನು ಕಮಲಾಪುರದ ಆಚೆಯ ಒಂದು ಹಳ್ಳಿಗೆ ಕೊಟ್ಟಿದ್ದೆವು. ಕಮಲಾಪುರಕ್ಕೂ ಆ ಹಳ್ಳಿಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಅದರೊಳಗೆ ಆಡುಗಳು ಮಲಗುತ್ತವೆ. ಮಳೆಗಾಲದಲ್ಲಿ ಮೇಲೆಲ್ಲೋ ಒಂದು ದೊಡ್ಡ ಮಳೆ ಬಿದ್ದರೆ ಮೂರು ದಿನ, ನಾಲ್ಕು ದಿನ, ಒಮ್ಮೊಮ್ಮೆ ಎಂಟು ದಿನ ಈಚೆಯವರು ಈಚೆ, ಆಚೆಯವರು ಆಚೆ. ದಂಡೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತ ಹಳ್ಳ ಇಳಿಯುವವರೆಗೆ ಕಾಯುವುದೇ ಆ ಭಾಗದ ಶಾಸ್ತ್ರ. ಮದುವೆಯ ದಿಬ್ಬಣಗಳು ಕಾದಿವೆ, ಹೆಣಗಳು ಕಾದಿವೆ.

ಹೆರಿಗೆ ಮಾತ್ರ ಕಾಯುವುದಿಲ್ಲ.

ಮಗಳ ಚೊಚ್ಚಲ ಹೆರಿಗೆ ವಾಡಿಕೆಯಂತೆ ನಮ್ಮ ಮನೆಯಲ್ಲೇ ಆಯಿತು. ಕೂಸು ಅಡ್ಡ ಇತ್ತು. ನಮ್ಮ ಓಣಿಯ ಸೂಲಗಿತ್ತಿಗೆ ಅದು ತಿಳಿಯುವ ಹೊತ್ತಿಗೆ ತಡವಾಗಿತ್ತು. ಮಗಳು ಉಳಿದಳು, ಕೂಸು ಉಳಿಯಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ಇಷ್ಟು ವರ್ಷಗಳ ಮೇಲೂ ನನಗೆ ಮನಸ್ಸಿಲ್ಲ.

ಎರಡನೆಯದಕ್ಕೆ ದಿನ ಬಿದ್ದದ್ದು ಶ್ರಾವಣದಲ್ಲಿ. ನಾವು ಕರೆಯಲು ಹೋದಾಗ ಬೀಗತಿ ಕೈ ಅಡ್ಡ ಹಿಡಿದರು. ಮೊದಲನೆಯದು ನಿಮ್ಮ ಮನೆಯಲ್ಲಿ ಆಯಿತಲ್ಲ, ಇದು ನಮ್ಮ ಮನೆಯಲ್ಲಿ ಆಗಲಿ ಎಂದರು, ಅಷ್ಟೆ. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಜಗಳವಾಡಿ ಮಗಳನ್ನು ಕರೆತರಬಹುದಿತ್ತು. ಆ ಭಾಗದಲ್ಲೆಲ್ಲ ಅಡ್ಡಗೂಸನ್ನು ಹೊಟ್ಟೆಯ ಮೇಲೆ ಕೈಯಾಡಿಸಿಯೇ ತಿರುಗಿಸುತ್ತಾಳೆಂದು ಹೆಸರಾದ ಒಬ್ಬ ಸೂಲಗಿತ್ತಿ ಇದ್ದಳು. ಅವಳಿದ್ದದ್ದು ಕಮಲಾಪುರದಲ್ಲಿ, ಅಂದರೆ ಹಳ್ಳದ ಈಚೆ. ಹದಿನೈದು ದಿನ ಮೊದಲೇ ಹೋಗಿ ಮಗಳ ಮನೆಯಲ್ಲಿ ಇರು ತಾಯಿ ಎಂದು ಕೈಮುಗಿದೆ.

"ನಿಮ್ಮ ಒಬ್ಬಾಕಿ ಸಲುವಾಗಿ ಎಂಟ ಮಂದೀನ ಬಿಡ್ಲೇನ್ರಿ ಯಪ್ಪಾ?" ಎಂದಳು ಆ ಆಯಿ. "ಶ್ರಾವಣದಾಗ ಸುತ್ತ ಊರಾಗೆಲ್ಲ ನಂದೇ ಕೆಲಸ ಅದ. ಬ್ಯಾನಿ ಶುರು ಆದ ಮ್ಯಾಲ ಹೇಳಿ ಕಳಸ್ರಿ, ಬರ್ತೀನಿ."

"ಹಳ್ಳ ಬಂದಿದ್ರ?"

"ಹಳ್ಳದ ಕೂಡ ನಾ ಏನ್ ಮಾತಾಡ್ಲಿ? ಅದನ್ನ ನೀವ್ ನೋಡ್ಕೋರಿ."

ನೋಡಿಕೊಳ್ಳುತ್ತೇನೆ ಎಂದು ನಾನು ಒಪ್ಪಿಕೊಂಡುಬಿಟ್ಟೆ. ವಾಪಸು ಬರುವಾಗ, ನಡುದಾರಿಯ ಮಹಾಗಾಂವ ದಾಟಿದ ಮೇಲೆ ನನ್ನ ಹೆಂಡತಿ, "ಹ್ಯಾಂಗ ನೋಡ್ಕೋತೀರಿ?" ಎಂದಳು. ದೋಣಿಯ ವಿಚಾರ ನನ್ನ ಬಾಯಿಂದ ಹೊರಬಿದ್ದದ್ದು ಆಗಲೇ.

ದೋಣಿಯ ಬಗ್ಗೆ ನನಗಿದ್ದ ಜ್ಞಾನದ ಲೆಕ್ಕವನ್ನೂ ಪ್ರಾಮಾಣಿಕವಾಗಿ ಒಪ್ಪಿಸಬೇಕು. ಹಿಂದೊಮ್ಮೆ ಕಚೇರಿಯ ಕಾಗದ ಹಿಡಿದು ಹೈದರಾಬಾದಿಗೆ ಹೋದಾಗ ಅಲ್ಲಿಯ ದೊಡ್ಡ ಕೆರೆಯಲ್ಲಿ ಕಟ್ಟಿಗೆಯ ದೋಣಿಯೊಂದರೊಳಗೆ ಕಾಲು ತಾಸು ಕೂತಿದ್ದೆ. ಅದರಲ್ಲಿ ಅರ್ಧ ಹೊತ್ತು ಕಣ್ಣು ಮುಚ್ಚಿಕೊಂಡಿದ್ದೆ. ಭೀಮಾ ನದಿಯ ಕಡೆಯ ಹರಿಗೋಲು ನೋಡಿದ್ದೆನಾದರೂ, ಬುಟ್ಟಿಯ ಹಾಗೆ ಗರಗರ ತಿರುಗುವ ಅದರೊಳಗೆ ಸೂಲಗಿತ್ತಿಯನ್ನು ಕೂರಿಸಿದರೆ ಆಚೆ ದಂಡೆ ಮುಟ್ಟುವ ಹೊತ್ತಿಗೆ ಅವಳಿಗೇ ಯಾರಾದರೂ ಆರೈಕೆ ಮಾಡಬೇಕಾದೀತು ಎನ್ನಿಸಿತು. ಹಳ್ಳಕ್ಕೆ ಅಡ್ಡಲಾಗಿ ಗಟ್ಟಿ ಹಗ್ಗ ಕಟ್ಟಿ, ಹಗ್ಗ ಹಿಡಿದು ಎಳೆದುಕೊಂಡು ಹೋಗುವ, ನೆಟ್ಟಗಿರುವ, ಮರ್ಯಾದಸ್ಥ ಕಟ್ಟಿಗೆಯ ದೋಣಿಯೇ ಬೇಕೆಂದು ತೀರ್ಮಾನಿಸಿದೆ.

ಬಡಿಗೇರ ಮುತ್ಯಾನನ್ನು ಕರೆಸಿದೆ. ಸ್ಟೇಶನ್ ಬಜಾರಿನಲ್ಲಿ ಓಡಾಡುವ ಬಂಡಿಗಳಲ್ಲಿ ಅರ್ಧದಷ್ಟು ಅವನ ಕೈಯವು. ಅವನು ಮಾಡಿದ ಗಾಲಿ ಎರೆಹೊಲದ ಕೆಸರಿನಲ್ಲಿ ಹೂತರೂ ಕೀಲು ಬಿಡುವುದಿಲ್ಲ. ನಾನು ಹಿತ್ತಲಿನ ನೆಲದ ಮೇಲೆ ಇದ್ದಿಲಿನಿಂದ ಚಿತ್ರ ಬರೆದು ತೋರಿಸಿದೆ. ಅವನು ಅದರ ಸುತ್ತ ಎರಡು ಪ್ರದಕ್ಷಿಣೆ ಹಾಕಿದ. ಕೂತ. ತಂಬಾಕು ತಿಕ್ಕಿದ.

"ಮಾಡ್ತೀನ್ರಿ. ಅದಕ್ಕೇನದ? ಖರೆ ಒಂದ್ ಮಾತು ಹೇಳ್ರಿ ಮುನಶಿಯವ್ರ. ಮನಿಗಿ ಹೊಸ್ತಲಾ ಮೊದಲ. ಬಂಡಿಗಿ ಗಾಲಿ ಮೊದಲ. ಕೂರಗಿಗಿ ದಿಂಡ ಮೊದಲ. ಇದಕ್ಕ ಯಾವ ಕಟಗಿ ಮೊದಲ?"

"ಯಾವುದಾದರೂ ಒಂದರಿಂದ ಶುರು ಮಾಡು."

ಅವನ ಮುಖ ನೋಡಿ ನನಗೆ ನಾಚಿಕೆಯಾಯಿತು. ಯಾವುದಾದರೂ ಒಂದರಿಂದ ಶುರು ಮಾಡು ಎಂದು ಹೇಳಿದವನು ಅವನ ಎಪ್ಪತ್ತು ವರ್ಷದ ಬಾಳಿನಲ್ಲಿ ನಾನೇ ಮೊದಲಿಗ ಇರಬೇಕು. ಮೊದಲ ಕಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಆಮೇಲೆ ಬಾಚಿ ಮುಟ್ಟುವುದು ಅವರ ಕುಲದ ಪದ್ಧತಿ. ಮೊದಲ ಕಟ್ಟಿಗೆ ತಪ್ಪಿದರೆ ಕೆಲಸವೇ ತಪ್ಪಿದಂತೆ. ಎರಡು ದಿನ ಅವನು ಬಂದು, ನನ್ನ ಇದ್ದಿಲಿನ ಚಿತ್ರದ ಮುಂದೆ ಕೂತು, ತಂಬಾಕು ಮುಗಿಸಿ ಎದ್ದು ಹೋದ. ನಾನು ಕಚೇರಿಯಲ್ಲಿ ಕೂತು ದಿನ ಎಣಿಸುತ್ತಿದ್ದೆ. ರೋಹಿಣಿ ಮಳೆಗೆ ಇಷ್ಟು, ಮಿರ್ಗಕ್ಕೆ, ಅಂದರೆ ಮೃಗಶಿರಾ ಮಳೆಗೆ ಇಷ್ಟು. ರಾಜ್ಯದ ಕಂದಾಯದ ಕಾಗದಗಳಲ್ಲಿ ಆ ವಾರ ತಪ್ಪುಗಳೇನಾದರೂ ಸಿಕ್ಕರೆ ಅವು ನನ್ನವೇ.

ಮೂರನೆಯ ದಿನ ಅಯ್ಯನವರನ್ನು ಮನೆಗೆ ಕರೆತಂದೆ. ಅವರು ಪಂಚಾಂಗ ಬಿಚ್ಚಿ, ಕನ್ನಡಕ ಏರಿಸಿ, ಬಹಳ ಹೊತ್ತು ಹುಡುಕಿದರು. ಮನೆಗೆ ಮುಹೂರ್ತವಿತ್ತು, ಬಂಡಿಗೆ ಇತ್ತು, ಬಾವಿಗೆ, ಮದುವೆಗೆ, ಬಿತ್ತನೆಗೆ, ಹೊಸ ಬಟ್ಟೆಗೆ, ಕ್ಷೌರಕ್ಕೆ ಕೂಡ ಇತ್ತು. ದೋಣಿಯನ್ನು ಮಾತ್ರ ನಮ್ಮ ಸೀಮೆಯ ಪಂಚಾಂಗ ಪರಿಗಣಿಸಿರಲಿಲ್ಲ.

"ಮಂದಿ ಕೂತು ಹೋಗ್ತಾರ ಅಂದ್ರ ಬಂಡಿ ಅನ್ನಬೇಕು," ಎಂದರು ಅಯ್ಯನವರು. "ಖರೆ ಗಾಲಿ ಇಲ್ಲ. ನಾಕೂ ಕಡಿ ಗ್ವಾಡಿ ಅದ ಅಂದ್ರ ಮನಿ ಅನ್ನಬೇಕು. ಖರೆ ಮಾಳಿಗಿ ಇಲ್ಲ." ಮತ್ತೆ ಯೋಚಿಸಿದರು. "ಒಟ್ಟಿನ ಮ್ಯಾಲ ನೀರಿನ ಕೆಲಸ. ಬಾವಿ ಮುಹೂರ್ತ ಹಿಡೀರಿ. ಸೋಮವಾರ ಛಲೋ ಅದ."

ನಾನು ಕೈಮುಗಿದೆ. ಅಡಿಗೆಮನೆಯ ಬಾಗಿಲ ಹಿಂದಿನಿಂದ ನನ್ನ ಹೆಂಡತಿಯ ದನಿ ಬಂತು: "ಬಾವಿ ಮುಹೂರ್ತ ಅಂದ್ರ, ತಳದಾಗಿಂದ ನೀರು ಬರ್ಲಿ ಅಂತ ಮಾಡೋದಲ್ಲೇನ್ರಿ ಅಜ್ಜಾರ?"

ಅಯ್ಯನವರು ಕನ್ನಡಕ ತೆಗೆದರು. ಕಡೆಗೆ ಬಂಡಿಯ ಮುಹೂರ್ತವೇ ನಿಂತಿತು, ಅದೂ ಅದೇ ಸೋಮವಾರಕ್ಕೆ. ಬಂಡಿ ಎಂದಾದ ಮೇಲೆ ಮುತ್ಯಾನ ಸಂಕಟವೂ ಬಗೆಹರಿಯಿತು. ಗಾಲಿ ಇಲ್ಲದ ಬಂಡಿಗೆ ಉದ್ದನೆಯ ನಡುತೊಲೆಯೇ ಮೊದಲು ಎಂದು ತಾನೇ ತೀರ್ಪು ಕೊಟ್ಟುಕೊಂಡು ಬೇವಿನ ತೊಲೆಯೊಂದಕ್ಕೆ ಕುಂಕುಮ ಹಚ್ಚಿದ.

ಆಮೇಲೆ ಕೆಲಸ ಓಡಿತು. ನಡುತೊಲೆಗೆ ಕರಿಜಾಲಿಯ ಪಕ್ಕೆಲುಬು, ಪಕ್ಕೆಲುಬಿಗೆ ಬೇವಿನ ಹಲಗೆ. ಮುತ್ಯಾ ತನಗೆ ಗೊತ್ತಿದ್ದದ್ದನ್ನೇ ಮಾಡುತ್ತಿದ್ದುದರಿಂದ ಅದು ದಿನದಿನಕ್ಕೆ ಬಂಡಿಯಾಗುತ್ತ ಹೋಯಿತು. ಒಂದು ಬೆಳಗ್ಗೆ ಎದ್ದು ನೋಡುತ್ತೇನೆ, ಮುಂಭಾಗದಲ್ಲಿ ನೊಗ ಕಟ್ಟಲು ಬೇಕಾದ ತೂತು ಕೊರೆದಿದ್ದಾನೆ. ಕೈ ತಾನಾಗಿಯೇ ಹೋಯಿತು ಎಂದ. ಆ ತೂತಿಗೆ ಬೆಣೆ ಹೊಡೆಸಿದೆ. ಹಲಗೆಗಳ ನಡುವೆ ಕಿರುಬೆರಳು ತೂರುವಷ್ಟು ಸಂದು ಬಿಟ್ಟಿದ್ದ. ಕೇಳಿದರೆ, "ಬ್ಯಾಸಗ್ಯಾಗ ಗಾಲಿ ಸಡ್ಲಾದ್ರ ಬಂಡಿ ಒಯ್ದು ಕೆರಿಯಾಗ ನಿಲ್ಸಂಗಿಲ್ಲೇನ್ರಿ? ನೀರ ಕುಡದು ಕಟಗಿ ಉಬ್ತದ, ಬಿಗೀತದ. ಇದೂ ಹಂಗೇ," ಎಂದ. ಮಾತು ಸರಿ. ಆದರೆ ಕಟ್ಟಿಗೆ ನೀರು ಕುಡಿದು ಬಿಗಿಯುವ ತನಕ ಒಳಗೆ ಕೂತ ಸೂಲಗಿತ್ತಿ ಏನು ಮಾಡಬೇಕು? ತಾಟಿನ ಮುಂದೆ ಕೂತರೆ ಕಣ್ಣಮುಂದೆ ಆ ಸಂದುಗಳೇ.

ಇಲ್ಲಿ ನನ್ನ ಸ್ವಂತ ವಿದ್ಯೆಯನ್ನು ಹೊರತೆಗೆದೆ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ವರ್ಷಾವರ್ಷ ಮಿರ್ಗಕ್ಕೆ ಮೊದಲು ಹಳ್ಳದ ದಂಡೆಯಿಂದ ಬಿಳಿಯ ಸವುಳು ಮಣ್ಣು ತರಿಸಿ, ಧೋತರ ಎತ್ತಿ ಕಟ್ಟಿ, ನಾನೇ ಮಾಳಿಗೆಯ ಮೇಲೆ ಹರವುತ್ತಿದ್ದೆ. ನಮ್ಮ ಓಣಿಯಲ್ಲಿ ಎಲ್ಲರ ಮನೆ ಸೋರಿದರೂ ನಮ್ಮದು ಸೋರುತ್ತಿರಲಿಲ್ಲ. ನನ್ನ ತರ್ಕ ಹೀಗೆ: ಮಾಳಿಗೆಗೆ ನೀರು ಮೇಲಿನಿಂದ, ದೋಣಿಗೆ ಕೆಳಗಿನಿಂದ, ದೋಣಿ ಎಂದರೆ ಬೋರಲು ಹಾಕಿದ ಮಾಳಿಗೆ. ಮಾಳಿಗೆ ಕಾಯುವ ಮಣ್ಣು ದೋಣಿಯನ್ನೇಕೆ ಕಾಯಬಾರದು? ಇಂದಿಗೂ ಈ ತರ್ಕದಲ್ಲಿ ತಪ್ಪು ಎಲ್ಲಿದೆ ಎಂದು ಮಾತಿನಲ್ಲಿ ತೋರಿಸುವುದು ಕಷ್ಟ. ನೀರಿನಲ್ಲಿ ತೋರಿಸುವುದು ಸುಲಭ.

"ಮಣ್ಣಿನ ವಿಚಾರ ನಂದಲ್ರಿ," ಎಂದ ಮುತ್ಯಾ. "ಕಟಗಿ ಕೇಳ್ರಿ, ಹೇಳ್ತೀನಿ." ಅವನು ನನ್ನನ್ನು ನೋಡಿದ ರೀತಿ ಮಾತ್ರ ಸರಿಯಿರಲಿಲ್ಲ. ಸಂದುಗಳಿಗೆಲ್ಲ ಸವುಳು ಮೆತ್ತಿ, ಒಣಗಿಸಿ, ಮತ್ತೆ ಮೆತ್ತಿದೆ. ದೋಣಿ ಬೆಳ್ಳಗೆ ವಿಭೂತಿ ಬಳಿದ ಹಾಗೆ ಕಂಡಿತು.

ಇನ್ನು ರಜೆಯ ಮಾತು. ಕಚೇರಿಯಲ್ಲಿ ಸುದ್ದಿ ಮುಂಚೆಯೇ ಹೋಗಿತ್ತು. ಅರ್ಜಿ ಹಿಡಿದು ನಿಂತಾಗ ಸಾಹೇಬರು ತಲೆ ಎತ್ತದೆ, "ಕ್ಯಾ ಮುನಶೀಜೀ, ಜಹಾಜ್ ಬನಾ ರೈಂ ಕತೇ?" ಎಂದರು. ಹಡಗು ಕಟ್ಟುತ್ತಿದ್ದೀರಂತೆ ಎಂದು ಅವರು ಕೇಳಿದ್ದಕ್ಕೆ ಇಡೀ ಕೋಣೆ ನಕ್ಕಿತು. ನಾನು ಮಗಳ ವಿಷಯ ಹೇಳಿದೆ. ಹೇಳುವಾಗ ನನ್ನ ಉರ್ದು ಎಡವಿತು. ಹದಿನೆಂಟು ವರ್ಷ ಅದರಲ್ಲೇ ಬರೆದರೂ ಕೂಸು ಅಡ್ಡ ಬಂದದ್ದನ್ನು ಹೇಳುವ ಸಂದರ್ಭ ಆ ಭಾಷೆಯಲ್ಲಿ ನನಗೆ ಬಂದಿರಲಿಲ್ಲ. ಸಾಹೇಬರು ನಗು ನಿಲ್ಲಿಸಿದರು. ಒಂದು ಕಾಗದ ಎಳೆದುಕೊಂಡು ತಾವೇ ರಜೆ ಬರೆದು, ನಾನು ಕೇಳಿದ್ದಕ್ಕಿಂತ ಹೆಚ್ಚೇ ಬರೆದು, ನನ್ನ ಕಡೆ ನೋಡದೆ ದಸ್ಕತ್ತು ಮಾಡಿದರು.

ಮಿರ್ಗ ಕೂಡಿದ ಮೂರನೆಯ ದಿನ ದೋಣಿಯನ್ನು ಬಂಡಿಯ ಮೇಲೆ ಏರಿಸಿ ಕಮಲಾಪುರಕ್ಕೆ ಹೊರಟೆವು. ಅದಿನ್ನೂ ಪೂರ್ತಿ ಆಗಿರಲಿಲ್ಲ. ಕೂರುವ ಹಲಗೆಯಾಗಲಿ ಹಗ್ಗದ ಕೊಂಡಿಯಾಗಲಿ ಕೂಡಿಸಿರಲಿಲ್ಲ. ಉಳಿದದ್ದನ್ನು ನೀರಿನ ಮಗ್ಗುಲಲ್ಲೇ ಮಾಡೋಣ ಎಂದಿದ್ದ ಮುತ್ಯಾ. ಮಹಾಗಾಂವದ ಅಗಸಿಬಾಗಿಲಲ್ಲಿ ಎತ್ತು ಬಿಚ್ಚಿದಾಗ ಜನ ನೆರೆದರು.

"ಏನ್ರಿ ಇದು, ಜೋಳ ತುಂಬೋದಾ?"

"ಏ, ದೇವರ ತೊಟ್ಟಲಾ ಇರಬೇಕೋ. ಹರಕಿ ಹೊತ್ತಾರ."

ಹಿಂದೆ ನಿಂತಿದ್ದ ಒಬ್ಬ ಮುದುಕ ದನಿ ತಗ್ಗಿಸಿ, "ಯಾರ ಹೋಗ್ಯಾರ್ರಿ ನಿಮ್ಮ ಮನ್ಯಾಗ?" ಎಂದು ಕೇಳಿದ. ಅವನು ಅದನ್ನು ಹೆಣದ ಪೆಟ್ಟಿಗೆ ಎಂದುಕೊಂಡಿದ್ದ. ಅಲ್ಲಿಂದ ಕಮಲಾಪುರದವರೆಗೆ ನಾನು ಬಂಡಿಯಲ್ಲಿ ಕೂರಲಿಲ್ಲ. ದೋಣಿಯನ್ನು ನೋಡದ ಹಾಗೆ ಮುಂದೆ ಮುಂದೆ ನಡೆದೆ.

ಕಮಲಾಪುರದಲ್ಲಿ ನನ್ನ ಹೆಂಡತಿಯ ಸೋದರಮಾವನ ಮನೆಯಿತ್ತು. ಊರಂಚಿಗೆ, ಬಾಳೆಯ ತೋಟದ ಮಗ್ಗುಲಲ್ಲಿ, ಹಳ್ಳಕ್ಕೆ ಕೂಗಳತೆಯಲ್ಲಿ. ಮುದುಕರಿಬ್ಬರೇ ಇದ್ದ ದೊಡ್ಡ ಮನೆ. ನಾವು ಅಲ್ಲಿ ಇಳಿದೆವು. ಮೊದಲ ಮಳೆಗೆ ಹಳ್ಳದ ಮಡುವಿನಲ್ಲಿ ಎದೆಮಟ್ಟ ನೀರು ನಿಂತಿತ್ತು. ದಾರಿ ಹಾಯುವಲ್ಲಿ ಇನ್ನೂ ಮೊಣಕಾಲಷ್ಟೇ. ದೋಣಿಯನ್ನು ಮಡುವಿನಲ್ಲಿ ಇಳಿಸಿ ನೋಡುವುದೆಂದು ಗೊತ್ತಾಯಿತು. ಅಂದು ಸಂತೆ. ಆಚೆಯ ಹಳ್ಳಿಗಳ ಬಂಡಿಗಳೆಲ್ಲ ಹಳ್ಳ ದಾಟಿ ಬರುತ್ತಿದ್ದವು. ನಾನು ದಿನ ಆರಿಸುವುದರಲ್ಲಿ ಯಾವಾಗಲೂ ಹೀಗೆಯೇ.

ಸಂತೆಗೆ ಬಂದ ಬಂಡಿಗಳಲ್ಲಿ ಬೀಗತಿಯ ಬಂಡಿಯೂ ಇತ್ತು. ಇಳಿದು, ಸೆರಗು ಸರಿಮಾಡಿಕೊಂಡು, ದಂಡೆಯ ಕಲ್ಲಿನ ಮೇಲೆ ಕೂತರು. ಸೂಲಗಿತ್ತಿ ಆಯಿಗೆ ನಾನೇ ಹೇಳಿ ಕಳಿಸಿದ್ದೆ. ಅವಳು ಬಂದವಳು ದೋಣಿಯನ್ನು ಎತ್ತು ಕೊಳ್ಳುವವರ ಹಾಗೆ ಸುತ್ತು ಹಾಕಿ ನೋಡಿದಳು.

"ಇದ್ರಾಗ ಕೂಡಬೇಕೇನು ನಾ?"

"ಹೌದು ಆಯಿ."

"ಮೊದಲ ಅಂವ ಕೂಡಲಿ," ಎಂದು ಮುತ್ಯಾನನ್ನು ತೋರಿಸಿದಳು.

ಮುತ್ಯಾ ರುಮಾಲು ತೆಗೆದು ನನ್ನ ಕೈಗೆ ಕೊಟ್ಟು ದೋಣಿಯೊಳಗೆ ಕೂತ. ಕಾಯಿ ಒಡೆದೆವು. ನಾಲ್ಕು ಜನ ದೂಡಿದರು. ದೋಣಿ ತೇಲಿತು. ದೇವರಾಣೆ ತೇಲಿತು. ಬೀಗತಿಯ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ಶಾಂತವಾಗಿ ಒಂದೆರಡು ಮಾತು ಹೇಳಬೇಕೆಂದು ಬಾಯಿ ತೆರೆದೆ.

"ಮುನಶಿಯವ್ರ," ಎಂದ ಮುತ್ಯಾ ಮಡುವಿನ ನಡುವಿನಿಂದ. "ಕೆಳಗ ತಣ್ಣಗ ಹತ್ಲಾಕತ್ತದ."

ದೋಣಿಯ ಸುತ್ತ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತಿತ್ತು. ಮಾಳಿಗೆಯ ಮೇಲೆ ಬಿದ್ದ ಮಳೆ ಹರಿದು ಹೋಗುತ್ತದೆ; ಹಳ್ಳದ ನೀರು ಎಲ್ಲಿಗೂ ಹೋಗದೆ ಅಲ್ಲೇ ಇರುತ್ತದೆ. ನನ್ನ ಸವುಳು ನೆನೆದು, ಅಂಬಲಿಯಾಗಿ, ಸಂದುಸಂದಿನಿಂದ ಇಳಿದು ಹೋಯಿತು. ಮುತ್ಯಾ ಕೂತ ಭಂಗಿಯಲ್ಲೇ, ಮಠದಲ್ಲಿ ಕೂತವನ ಹಾಗೆ, ಮೆಲ್ಲಗೆ ಕೆಳಗಿಳಿದ. ನೀರು ಅವನ ಎದೆಗೆ ಬಂದಾಗ ಎದ್ದು ನಿಂತ. ಸಂತೆಯ ಜನ ನಕ್ಕದ್ದು ಬಾಳೆತೋಟದ ಆಚೆಗೂ ಕೇಳಿರಬೇಕು.

"ಏ ಮುತ್ಯಾ, ಬಾಳಿ ದಿಂಡ ಕೊಡ್ಲೇನೋ? ಅದಾದ್ರ ತೇಲ್ತದ!"

"ಮೀನ ಹತ್ತ್ಯಾವೇನ್ ನೋಡೋ ಒಳಗ!"

ನಾನು ನಗುವವರನ್ನು ನೋಡಲಿಲ್ಲ. ನೋಡಿದ್ದು ಸೂಲಗಿತ್ತಿಯನ್ನು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಯಪ್ಪಾ, ನಾ ಹಳ್ಳ ಇಳದ ಮ್ಯಾಲ ಬರ್ತೀನಿ," ಎಂದಳು. ಹಳ್ಳ ಇಳಿದ ಮೇಲೆ. ಮೊದಲ ಕೂಸಿನ ಸಲವೂ ಹಾಗೆಯೇ, ತಿಳಿದದ್ದು ತಡವಾದ ಮೇಲೆ. ನಾನು ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ. ಮುತ್ಯಾನ ರುಮಾಲು ಇನ್ನೂ ನನ್ನ ಕೈಯಲ್ಲಿತ್ತು.

ಜನ ಸಂತೆಯ ಕಡೆ ಕರಗಿದರು. ಬೀಗತಿ ಮಾತ್ರ ಕಲ್ಲಿನಿಂದ ಎದ್ದಿರಲಿಲ್ಲ. ಅವರು ನಕ್ಕಿರಲೂ ಇಲ್ಲ. "ಬೀಗರ," ಎಂದರು.

"ಹೇಳ್ರಿ ಯವ್ವಾ."

"ಇದನ್ನ ಖರೇನೇ ನಮ್ಮ ಸೊಸಿ ಸಲುವಾಗಿ ಮಾಡ್ಲಾಕತ್ತಿದ್ರೇನು?"

"ಹೌದ್ರಿ."

"ತುಂಬಿದ ಹಳ್ಳದಾಗ ಆ ಮುದುಕೀನ ಇದ್ರಾಗ ಕೂಡ್ಸಿ ಕಳಸಾವ್ರಿದ್ರಿ?"

"ಹೌದ್ರಿ."

"ಅಕಿ ನಡಬರಕ ಮುಳಗಿ ಹೋಗಿದ್ರ, ಆ ಪಾಪ ಯಾರ ತಲಿ ಮ್ಯಾಲ? ನನ್ನ ಮೊಮ್ಮಗನ ತಲಿ ಮ್ಯಾಲ. ಹುಟ್ಟೋಕಿಂತ ಮೊದಲ." ಅವರು ದೋಣಿಯನ್ನು ಮತ್ತೊಮ್ಮೆ ನೋಡಿದರು. ಅದರ ಅಂಚು ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. "ಇದನ್ನ ಇನ್ನೊಮ್ಮೆ ಗಟ್ಟಿ ಮಾಡಿ ತರ್ತೀರಿ ನೀವು, ನನಗ ಗೊತ್ತದ. ಬಿಡಾ ಪೈಕಿ ಅಲ್ಲ. ಅದಕ್ಕೇ ಹೇಳ್ತೀನಿ. ಬರೋ ಸೋಮವಾರ ಹಳ್ಳ ಸಣ್ಣದಿದ್ದಾಗೇ ಸೊಸೀನ ಈಚಿ ಕರ್ಕೊಂಡ್ ಬರ್ತೀನಿ. ಈ ಸ್ವಾದರಮಾವನ ಮನ್ಯಾಗ ಇರ್ಲಿ. ಇದು ನಿಮ್ಮ ಮನೀನೂ ಅಲ್ಲ, ನಮ್ಮ ಮನೀನೂ ಅಲ್ಲ. ನಾನೂ ಬಂದು ಇರ್ತೀನಿ."

ನಮ್ಮಲ್ಲಿಗೆ ಕಳಿಸಿ ಎಂದು ನಾವು, ನಮ್ಮಲ್ಲೇ ಇರಲಿ ಎಂದು ಅವರು. ಎರಡು ಮನೆತನಗಳು ತಿಂಗಳುಗಟ್ಟಲೆ ಹಗ್ಗ ಜಗ್ಗುವಾಗ, ನಡುವೆ ಒಂದು ಊರಿದೆ, ಅಲ್ಲೊಂದು ಮನೆಯಿದೆ, ಎರಡು ಓಣಿ ಆಚೆಗೆ ಸೂಲಗಿತ್ತಿಯೂ ಇದ್ದಾಳೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. ನಾವೆಲ್ಲ ಬಹಳ ಯೋಚನೆ ಮಾಡುವ ಜನ.

ಮಗಳು ಬಂದಳು. ದೋಣಿಯನ್ನು ಮುತ್ಯಾ ನೀರಿನಿಂದ ಎಳೆಸಿ ದಂಡೆಯ ಹುಣಸೆಮರದ ಕೆಳಗೆ ಬೋರಲು ಹಾಕಿ, ಹಗ್ಗದಿಂದ ಕಟ್ಟಿ, ಕಲಬುರಗಿಗೆ ಹೋದ. ಹೋಗುವಾಗ ನನಗೆ ಸಮಾಧಾನ ಹೇಳಿದ: "ಕಟಗಿ ತಪ್ಪಿಲ್ರಿ ನಮ್ದು."

ನನ್ನ ಚಿಂತೆ ಮುಗಿಯಿತೆಂದು ಓದುವವರು ತಿಳಿಯಬಾರದು. ಅದು ಹಳ್ಳವನ್ನು ಬಿಟ್ಟು ಮನೆಯೊಳಗೆ ಬಂತು, ಅಷ್ಟೆ. ಸೂಲಗಿತ್ತಿ ಮೂರು ದಿನಕ್ಕೊಮ್ಮೆ ಬಂದು ಮಗಳ ಹೊಟ್ಟೆಯ ಮೇಲೆ ಎಣ್ಣೆ ಹಚ್ಚಿ ಕೈಯಾಡಿಸುತ್ತಿದ್ದಳು. ಹೊರಬಂದಾಗ ನಾನು ಅವಳ ಮುಖ ಓದಲು ನೋಡುತ್ತಿದ್ದೆ. ಎಂಥೆಂಥ ಕೆಟ್ಟ ಅಕ್ಷರಗಳ ಕಾಗದ ಓದಿದವನಿಗೂ ಆ ಮುಖ ಓದಲು ಆಗಲಿಲ್ಲ. ಒಮ್ಮೆ ಕೇಳಿಯೇಬಿಟ್ಟೆ.

"ಅಡ್ಡ ಅದ," ಎಂದಳು, ಬೆಲ್ಲ ತುಟ್ಟಿಯಾಗಿದೆ ಎನ್ನುವ ದನಿಯಲ್ಲಿ. "ಈಗ ತಿರಗ್ಸಿದ್ರ ಮತ್ತ ಅಡ್ಡ ಆಗ್ತದ. ಬ್ಯಾನಿ ಶುರು ಆಗ್ಲಿ."

ಶ್ರಾವಣದಲ್ಲಿ, ಪುಷ್ಯ ಮಳೆ ಹಿಡಿದ ಮೂರನೆಯ ಬೆಳಗ್ಗೆ ಬೇನೆ ಶುರುವಾಯಿತು. ಆಯಿ ಛತ್ರಿ ಇಲ್ಲದೆ, ಗೋಣಿ ತಟ್ಟಿನ ಕೊಪ್ಪೆ ಹಾಕಿಕೊಂಡು, ನಡೆದು ಬಂದಳು. ಅವಳು ಬರಲು ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಗಂಡಸರು ಹೊರಗೆ ಹೋಗಬೇಕೆಂದು ಅಪ್ಪಣೆಯಾಯಿತು. ಮನೆಯಲ್ಲಿ ಗಂಡಸರೆಂದರೆ ನಾನು, ಮತ್ತು ಕಿವಿ ಕೇಳದ ಸೋದರಮಾವ. ಅವರು ಜಗಲಿಯ ಮೇಲೆ ನಿದ್ದೆ ಮಾಡಿದರು. ನಾನು ಹಳ್ಳದ ಕಡೆ ನಡೆದೆ. ಅಲ್ಲಿಗೇಕೆ ಹೋದೆನೋ ಗೊತ್ತಿಲ್ಲ. ಬೇಸಿಗೆಯಿಂದಲೂ ನನ್ನ ಅಂಜಿಕೆಯೆಲ್ಲ ಅಲ್ಲೇ ಇತ್ತಲ್ಲ.

ಹಳ್ಳ ಬಂದಿತ್ತು. ಬಂದಿತ್ತು ಎಂದರೆ ಹಿಂದಿನ ದಿನ ನಾನು ನೋಡಿದ ದಾರಿ, ಕಲ್ಲು, ಮಡು ಯಾವುದೂ ಇರಲಿಲ್ಲ. ಕೆಂಪು ನೀರು ಬೇರುಸಮೇತ ಜಾಲಿಯ ಗಿಡವೊಂದನ್ನು ಹುಲ್ಲುಕಡ್ಡಿಯಂತೆ ತಿರುಗಿಸುತ್ತ ಒಯ್ಯುತ್ತಿತ್ತು. ಹುಣಸೆಮರದ ಬುಡಕ್ಕೆ ನೀರು ಹತ್ತಿತ್ತು. ಕಟ್ಟಿದ್ದ ಹಗ್ಗದ ತುಂಡು ಮರಕ್ಕೆ ಜೋತಾಡುತ್ತಿತ್ತು, ದೋಣಿ ಇರಲಿಲ್ಲ. ಇಂಥ ನೀರಿನಲ್ಲಿ, ಅಂಥದರಲ್ಲಿ, ಆ ಮುದುಕಿಯನ್ನು ಕೂರಿಸಿ ಹಗ್ಗ ಹಿಡಿದು ಎಳೆಯಿರಿ ಎಂದು ನಾನು ಹೇಳುವವನಿದ್ದೆ. ಹೇಳಿಯೇ ಹೇಳುತ್ತಿದ್ದೆ. ಮರ ಹಿಡಿದುಕೊಂಡು ನಿಂತೆ.

ಎಷ್ಟು ಹೊತ್ತು ನಿಂತೆನೋ ತಿಳಿಯದು. ತೋಟದ ಕಡೆಯಿಂದ ಬೀಗತಿ ಬರುತ್ತಿದ್ದರು. ಅರವತ್ತರ ಹೆಂಗಸು ಮಳೆಯಲ್ಲಿ, ತಲೆಯ ಮೇಲೆ ಸೆರಗಿಲ್ಲದೆ, ಓಡುತ್ತ.

"ತಿರಗ್ತು ಬೀಗರ!" ಎಂದರು. "ಆಯಿ ಕೈಯಾಗ ತಿರಗ್ತು! ಹೆಣ್ಣು. ಇಬ್ರೂ ಆರಾಮ ಅದಾರ."

ನಾನು ಅತ್ತೆನೆಂದು ಆಮೇಲೆ ಅವರು ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಮಳೆಯಲ್ಲಿ ಅದು ಅವರಿಗೆ ಹೇಗೆ ಗೊತ್ತಾಗಬೇಕು?

ಆಚೆ ದಂಡೆಯ ಮೇಲೆ ಒಬ್ಬ ನಿಂತಿದ್ದದ್ದು ಆಗ ನಮ್ಮ ಕಣ್ಣಿಗೆ ಬಿತ್ತು. ಅಳಿಯ. ಎಂದಿನಿಂದ ಕಾಯುತ್ತಿದ್ದನೋ ಪಾಪ. ಕೈಯೆತ್ತಿ ಏನೋ ಕೂಗುತ್ತಿದ್ದ. ನೀರಿನ ಭೋರ್ಗರೆತದಲ್ಲಿ ಬಾಯಿ ತೆರೆದು ಮುಚ್ಚುವುದಷ್ಟೇ ಕಾಣುತ್ತಿತ್ತು. ನಾನೂ ಕೂಗಿದೆ. ಅವನಿಗೆ ಕೇಳಲಿಲ್ಲ. ಸರ್ಕಾರಿ ಮುನಶಿಯಾದ ನಾನು, ಬೀಗತಿಯ ಎದುರಿಗೆ, ಹಳ್ಳ ನೋಡಲು ಬಂದಿದ್ದ ಅರ್ಧ ಕಮಲಾಪುರದ ಎದುರಿಗೆ, ನನ್ನ ತಲೆಯ ರುಮಾಲನ್ನು ಸುತ್ತಿ ಕೂಸಿನ ಹಾಗೆ ಮಾಡಿ ತೂಗಿ ತೋರಿಸಿದೆ.

"ಹೆಣ್ಣಂತ ತೋರ್ಸ್ರಿ!" ಎಂದು ಹಿಂದಿನಿಂದ ಯಾರೋ ಸಲಹೆ ಕೊಟ್ಟರು. ಮೂಗಿನ ಮೇಲೆ ಬೆರಳಿಟ್ಟು ನತ್ತು ತೋರಿಸಿದೆ. ಮೀಸೆಯಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಂಡೆ. ತಾಯಿ ಕೂಸು ಇಬ್ಬರೂ ಕ್ಷೇಮ ಎನ್ನಲು ಎರಡು ಬೆರಳು ಎತ್ತಿ ಹಿಡಿದೆ. ಆಚೆ ಅಳಿಯ ಎರಡೂ ಕೈ ಮೇಲೆತ್ತಿ ಕುಣಿದ, ತಿರುಗಿದ, ಊರ ಕಡೆ ಓಡಿದ. ಇಷ್ಟು ಸ್ಪಷ್ಟವಾಗಿ ನಾನು ಯಾವ ವರದಿಯನ್ನೂ ಒಪ್ಪಿಸಿರಲಿಲ್ಲ ಎನ್ನಿಸಿತು.

ಹಳ್ಳ ಇಳಿದದ್ದು ಐದನೆಯ ದಿನ. ಅಳಿಯ ಬಂದವನು ಕಾಲು ತೊಳೆದು, ಒಳಗೆ ಹೋಗಿ, ತೊಟ್ಟಿಲಿನಲ್ಲಿ ಇಣುಕಿ, ಹಾಸಿಗೆಯ ಮೇಲೆ ನೋಡಿ, ತೊಟ್ಟಿಲಿನ ಆಚೆ ಕಡೆಯೂ ಬಗ್ಗಿ ನೋಡಿದ.

"ಯವ್ವಾ, ಗಂಡು ಎಲ್ಲದ?" ಎಂದು ತಾಯಿಯನ್ನು ಕೇಳಿದ.

"ಯಾವ ಗಂಡೋ?"

"ಮಾವ ತೋರ್ಸಿದ್ರಲ್ಲ. ಒಂದ್ ನತ್ತು, ಒಂದ್ ಮೀಸಿ. ಎರಡು ಅಂತ ಬಟ್ಟೂ ಎತ್ತಿದ್ರು. ಇಡೀ ಊರಿಗಿ ಎರಡೆರಡು ಸಲ ಸಕ್ಕರಿ ಹಂಚೀನಿ ನಾ."

ಬೀಗತಿ ನನ್ನ ಕಡೆ ತಿರುಗಿ ನೋಡಿದರು. "ನಿಮ್ಮ ಮಾವ," ಎಂದರು ಮಗನಿಗೆ, "ದೋಣಿ ಮಾಡಿದಂಗೇ ಸುದ್ದೀನೂ ಮಾಡ್ಯಾರ." ಒಳಗೆ ಮಗಳು ನಗುವುದು ಕೇಳಿಸಿತು. ನಕ್ಕರೆ ನೋವಾಗುತ್ತದೆ, ನಗಬೇಡ ಎಂದು ಅವಳ ತಾಯಿ ಗದರಿ, ತಾನೇ ನಕ್ಕಳು.

ಅಳಿಯ ಕೈಚೀಲದಿಂದ ಎರಡು ಕುಲಾಯಿ ತೆಗೆದ, ಕೂಸಿನ ತಲೆಗೆ ಕಟ್ಟುವವು, ಒಂದು ಕೆಂಪು, ಒಂದು ಹಸಿರು. ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತ. ಕೂಸಿಗೆ ಎಣ್ಣೆ ತಿಕ್ಕಿ ಮುಗಿಸಿದ್ದ ಆಯಿ ಅವನ್ನು ಕಸಿದುಕೊಂಡು, "ಮಳಿ ಥಂಡಿ ಅದ, ಎರಡೂ ಇರ್ಲಿ ತಾ," ಎಂದು ಹಸಿರಿನದನ್ನು ಮೊದಲು, ಅದರ ಮೇಲೆ ಕೆಂಪನ್ನು, ಒಂದೇ ತಲೆಗೆ ಕಟ್ಟಿದಳು.